ಗಣಿಗೆ ಇಳಿಯದವಳ ತಲೆನೋವು

ಚಿಕ್ಕಮುನಿಯಪ್ಪ ರಾತ್ರಿ ಪಾಳಿ ಮುಗಿಸಿ ಚಿನ್ನದ ಗಣಿಯಿಂದ ಮೇಲೆ ಬಂದು, ತಲೆಗೆ ಕಟ್ಟಿದ್ದ ಲ್ಯಾಂಪನ್ನು ಬಿಚ್ಚಿ ಕಿಟಕಿಯೊಳಗೆ ಕೊಡುತ್ತ, "ನಿನ್ ತಂಗಿಗೆ ಐದು ದಿನದಿಂದ ತಲೆನೋವಂತೆ ಕಣ್ಲಾ ರಾಯಪ್ಪ, ಎದ್ದೇ ಇಲ್ವಂತೆ" ಎಂದು ಆಕಳಿಸಿದ. ಅಷ್ಟಕ್ಕೇ ಲ್ಯಾಂಪ್ ರೂಮಿನ ವೆಂಕಟರಾಯಪ್ಪ ಕೈಲಿದ್ದ ಕೆಲಸ ಬಿಟ್ಟು ಎದ್ದ. ರಜೆ ಚೀಟಿ ಬರೆದಿಟ್ಟು, ಚಿಕ್ಕಮುನಿಯಪ್ಪನ ಜೊತೆಗೇ ಬಂಗಾರಪೇಟೆ ರೈಲು ಹತ್ತಿದ. ತಂಗಿ ಓಬಳಮ್ಮನನ್ನು ಕೊಟ್ಟಿದ್ದು ಚಿಕ್ಕಮುನಿಯಪ್ಪನ ಊರಿಗೇ, ಅವನ ದಾಯಾದಿ ಕದಿರಪ್ಪನಿಗೆ. ಸ್ಟೇಷನ್ನಿಂದ ಎರಡು ಮೈಲಿಯನ್ನು ವೆಂಕಟರಾಯಪ್ಪ ಬಿರುಸಾಗಿ ನಡೆದ. "ಬರೀ ತಲೆನೋವಿಗೆ ಇಂಗ್ಯಾಕೆ ಓಡ್ತೀಯ?" ಎಂದು ಚಿಕ್ಕಮುನಿಯಪ್ಪ ಹಿಂದಿನಿಂದ ಗೊಣಗಿದ್ದೂ ಅವನ ಕಿವಿಗೆ ಬೀಳಲಿಲ್ಲ.

ಓಬಳಮ್ಮ ಪಡಸಾಲೆಯಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಅಣ್ಣನನ್ನು ಕಂಡು ನಗಲು ಹೋದಳು, ಓಕರಿಕೆ ಬಂತು. ಅವಳ ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಕೆಳಗೆ ಜೋತುಬಿದ್ದಿತ್ತು.

"ಎಂಗೆ ಸುರುವಾಯ್ತು?"

"ಬಾನುವಾರ ಡೈರಿಗೆ ಓಗಿದ್ನಾ ಅಣ್ಣ. ಹಾಲಿನ ಕ್ಯಾನು ಎತ್ತಿದೆ ನೋಡು, ಒನಕೆ ತಕ್ಕೊಂಡು ಯಾರೋ ಇಂದಗಡೆಯಿಂದ ಇಕ್ಕಿದಂಗಾಯ್ತು. ಆಮೇಕೆ ವಾಂತಿ. ಕತ್ತು ಬಗ್ಸಾಕೇ ಆಯ್ತಿಲ್ಲ. ನೆನ್ನೆಯಿಂದ ಈ ಕಣ್ಣೂ ತೆರೆಯಾಕಿಲ್ಲ."

ಒನಕೆಯ ಏಟು. ವೆಂಕಟರಾಯಪ್ಪನಿಗೆ ಅದು ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಅವನಿಗೂ ಅಂಥದ್ದೇ ಒಂದು ಏಟು ಬಿದ್ದಿತ್ತು, ಗಂಡಸಾದವನು ತಲೆನೋವಿಗೆಲ್ಲ ಮಲಗುವುದೇ ಅಂತ ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದ. ಒಂಬತ್ತನೇ ದಿನ ಎರಡನೆಯದು ಬಿತ್ತು. ಚಾಂಪಿಯನ್ ರೀಫ್ಸ್ ಗಣಿಯ ತಳದಲ್ಲಿ, ಕೈಯಲ್ಲಿ ಡ್ರಿಲ್ ಹಿಡಿದಿದ್ದಂತೆಯೇ ಕುಸಿದ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತಲೆಬುರುಡೆ ತೆರೆದು, ಮಿದುಳಿನ ರಕ್ತನಾಳದಲ್ಲಿ ಉಬ್ಬಿ ಒಡೆದಿದ್ದ ಗುಳ್ಳೆಗೆ ಕ್ಲಿಪ್ಪು ಹಾಕಿ ಬದುಕಿಸಿದ್ದರು. ಎರಡನೇ ಏಟಿಗೆ ಹತ್ತರಲ್ಲಿ ನಾಲ್ಕು ಜನ ಆಸ್ಪತ್ರೆಯನ್ನೇ ಕಾಣುವುದಿಲ್ಲ ಎಂದಿದ್ದರು ಡಾಕ್ಟರು. ಓಬಳಿಗೆ ಇದು ಆರನೇ ದಿನ.

ಹಿತ್ತಿಲಲ್ಲಿ ಹಂಡೆ ಕುದಿಯುತ್ತಿತ್ತು. ಕದಿರಪ್ಪನ ತಾಯಿ ಸೊಣ್ಣಮ್ಮ ಬಿಸಿ ಹರಳೆಣ್ಣೆಯ ಬಟ್ಟಲು ಹಿಡಿದು ಬಂದಳು. ಶುಕ್ರವಾರ, ಎಣ್ಣೆನೀರಿನ ದಿನ. ನೆತ್ತಿಗೆ ಎಣ್ಣೆ ತಟ್ಟಿ ತಟ್ಟಿ ಇಳಿಸಿ, ಮೇಲೆ ಹತ್ತು ಚೊಂಬು ಸುಡುನೀರು ಹುಯ್ದರೆ ಉಷ್ಣ ಇಳಿಯಬೇಕು.

"ಮುಟ್ಟು ನಿಲ್ಲೋ ಒತ್ತು ಕಣಪ್ಪ," ಎಂದಳು ಸೊಣ್ಣಮ್ಮ. "ಎಂಗಸಿಗೆ ಇದೆಲ್ಲ ಇದ್ದದ್ದೇ. ಉಷ್ಣ ತಲೆಗೇರೈತೆ. ಪೇಟೆ ಡಾಕ್ಟ್ರೂ ಅದೇ ಅಂದವ್ರೆ, ಮಾತ್ರೆ ಕೊಟ್ಟವ್ರೆ."

"ಎಣ್ಣೆ ಕೆಳಕ್ಕಿಡಿ ಅತ್ತೆ. ಅವಳ ತಲೆ ಯಾರೂ ಮುಟ್ಟಬ್ಯಾಡಿ. ಕದಿರಪ್ಪ, ಕಾರು ತರ್ಸು, ಬೆಂಗಳೂರಿಗೆ ಓಗಾನ. ನನಗಾಗಿದ್ದೇ ಇವಳಿಗೂ ಆಗೈತೆ."

ಕದಿರಪ್ಪ ಒಳ್ಳೆಯವನೇ. ಹಸುಗಳನ್ನೂ ಹೆಂಡತಿಯನ್ನೂ ಒಂದೇ ಅಕ್ಕರೆಯಿಂದ ನೋಡಿಕೊಳ್ಳುವವನು, ಹಸುವಿಗೆ ಜ್ವರ ಬಂದರೆ ಮಾತ್ರ ಸ್ವಲ್ಪ ಬೇಗ ಓಡುತ್ತಿದ್ದ. ಅವನು ಭಾವನನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ದು ಗಣಿ ಕಾಯಿಲೆ ಅಲ್ವಾ ಭಾವ? ಇವಳ್ಯಾವಾಗ ಗಣಿಗೆ ಇಳಿದವ್ಳೆ?"

"ಅದೇ ಮತ್ತೆ," ಎಂದ ಚಿಕ್ಕಮುನಿಯಪ್ಪ, ಬಾಗಿಲಿಗೆ ಒರಗಿಕೊಂಡು. "ಭೂಮಿಯೊಳಗೆ ಎರಡು ಮೈಲಿ ಇಳಿದ್ರೆ ಆ ಕಾವಿಗೆ, ಆ ಒತ್ತಡಕ್ಕೆ ನರ ಬಿರಿದೋಯ್ತದೆ. ಅದಕ್ಕೇ ಅಲ್ವಾ ಯೂನಿಯನ್ನಿನಲ್ಲಿ ನಾನು ಟೇಬಲ್ ಕುಟ್ಟಿದ್ದು? ಅದಕ್ಕೇ ಅಲ್ವಾ ಇವನಿಗೆ ಮೇಲ್ಗಡೆ ಕೆಲ್ಸ ಕೊಡ್ಸಿದ್ದು? ಮೇಲಿರೋ ಎಂಗಸಿಗೆ ಅದು ಬರಾಕಿಲ್ಲ ಕದಿರಪ್ಪ. ಎದರಬ್ಯಾಡ."

ಸೊಣ್ಣಮ್ಮ ಸೊಸೆಯ ಜಡೆ ಬಿಚ್ಚತೊಡಗಿದಳು.

ಗಣಿ ಕಾಯಿಲೆಯೆಂಬ ಈ ಮಾತನ್ನು ಊರಿಗೆಲ್ಲ ಹಂಚಿದವನು ವೆಂಕಟರಾಯಪ್ಪನೇ. ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಅವನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. "ಇದು ಗಣಿಯಿಂದ ಬಂದದ್ದಲ್ಲಪ್ಪ. ನಿಮ್ಮ ಮನೆತನದಲ್ಲೇ ನಾಳದ ಗೋಡೆ ತೆಳ್ಳಗಿರಬಹುದು. ಅಕ್ಕತಂಗಿಯರು ಇದ್ದಾರಾ? ಐವತ್ತರ ಹತ್ತಿರ ಬಂದ ಮೇಲೆ ಇದು ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಇದ್ದಕ್ಕಿದ್ದಂತೆ ತಲೆನೋವು ಬಂದರೆ ಒಂದು ದಿನವೂ ತಡ ಮಾಡದೆ ಕರಕೊಂಡು ಬಾ." ಅವನು ತಲೆಯಾಡಿಸಿದ್ದ. ಊರಿಗೆ ಬಂದು ನೋಡಿದರೆ ಚಿಕ್ಕಮುನಿಯಪ್ಪ ಆಗಲೇ ಗಣಿ ಕಾಯಿಲೆ ಅಂತ ಜಗಳ ತೆಗೆದಿದ್ದ, ಲ್ಯಾಂಪ್ ರೂಮಿನ ಕೆಲಸ ಹೆಚ್ಚು ಕಡಿಮೆ ಸಿಕ್ಕೇಬಿಟ್ಟಿತ್ತು. ಅಲ್ಲ ಅಂದಿದ್ದರೆ ಮತ್ತೆ ಕೇಜ್ ಲಿಫ್ಟಿನಲ್ಲಿ ಗಣಿಗೆ ಇಳಿಯಬೇಕಿತ್ತು, ಇಲ್ಲವೇ ಮನೆಯಲ್ಲಿ ಕೂರಬೇಕಿತ್ತು. ಅವನು ಅಲ್ಲ ಅನ್ನಲಿಲ್ಲ; ಕೇಳಿದವರಿಗೆಲ್ಲ, ಚಿಕ್ಕಮುನಿಯಪ್ಪನಿಗೂ, ಗಣಿಯಿಂದಲೇ ಬಂದದ್ದು ಎಂದ. ಗಣಿಗೆ ತಲೆ ಕೊಟ್ಟವನು ಅಂತ ಜನ ಎದ್ದು ಜಾಗ ಬಿಡುವಾಗ ಅವನಿಗೆ ಹಿತವೂ ಆಗಿತ್ತು, ಸುಳ್ಳೇಕೆ?

ಹೋದ ಸಂಕ್ರಾಂತಿಗೆ ಇವರಿಬ್ಬರಿಗೂ ಹಿರಿಯಳಾದ ಅಕ್ಕಯ್ಯಮ್ಮ ಸತ್ತಳು. ಮೂರು ದಿನ ತಲೆನೋವು ಎಂದು ನರಳಿ, ಎಣ್ಣೆನೀರು ಹಾಕಿಸಿಕೊಂಡು ಎದ್ದವಳು ಬಚ್ಚಲಲ್ಲೇ ಬಿದ್ದಳು. ಉಷ್ಣ ಅಂದರು. ಅವಳು ನರಳುತ್ತಿದ್ದ ಸುದ್ದಿ ಎರಡನೇ ದಿನವೇ ಅವನಿಗೆ ಮುಟ್ಟಿತ್ತು. ಹೋಗಲೋ ಬೇಡವೋ ಅಂತ ಒಂದು ರಾತ್ರಿ ಹೊರಳಾಡಿದ, ಬರೀ ತಲೆನೋವೇ ಇರಬಹುದು ಅಂದುಕೊಂಡ. ಆಮೇಲೆ ಹಾರ ತೆಗೆದುಕೊಂಡು ಹೋದ.

ಸೊಣ್ಣಮ್ಮನ ಅಂಗೈಯಲ್ಲಿ ಎಣ್ಣೆ ತುಂಬಿತ್ತು. ಕೈ ಮೇಲೆದ್ದಿತು.

ವೆಂಕಟರಾಯಪ್ಪ ನುಗ್ಗಿ ಆ ಕೈ ಹಿಡಿದುಕೊಂಡ. ಬಟ್ಟಲು ಉರುಳಿತು. "ಸುಳ್ಳು ಅತ್ತೆ! ಗಣಿ ಕಾಯಿಲೆ ಅನ್ನೋದು ಸುಳ್ಳು!" ಎಂದು ಕೂಗಿದ. "ನನ್ನ ರಕ್ತದಾಗೇ ಇದ್ದಿದ್ದು ಅದು. ಡಾಕ್ಟ್ರು ಅವತ್ತೇ ಏಳಿದ್ರು. ಅಕ್ಕತಂಗೀರಿಗೂ ಬತ್ತದೆ, ಎಂಗಸ್ರಿಗೇ ಎಚ್ಚು ಬತ್ತದೆ, ಏಳು ಅಂದ್ರು. ನಾನು ಏಳ್ನಿಲ್ಲ. ಕೆಲ್ಸ ಓಯ್ತದೆ ಅಂತ ಏಳ್ನಿಲ್ಲ!"

ಚಿಕ್ಕಮುನಿಯಪ್ಪನ ಮುಖ ಕಪ್ಪಿಟ್ಟಿತು.

"ನಿನ್ನ ಮಾತು ನಂಬಿ ನಾನು ಮ್ಯಾನೇಜರ್ ಮುಂದೆ ದೇವರಾಣೆ ಇಟ್ಟೆನಲ್ಲೋ," ಎಂದ. ಹೊಡೆಯುತ್ತಾನೇನೋ ಎಂದುಕೊಂಡ ವೆಂಕಟರಾಯಪ್ಪ. ಚಿಕ್ಕಮುನಿಯಪ್ಪ ಹೊಡೆಯಲಿಲ್ಲ. ಕದಿರಪ್ಪನ ಸೈಕಲ್ಲು ಎಳೆದುಕೊಂಡು, "ನಿನ್ ಯವಾರ ಆಮೇಕೆ. ಮೊದ್ಲು ಕಾರು ತತ್ತೀನಿ" ಎಂದು ಸ್ಟೇಷನ್ ಕಡೆ ತುಳಿದ.

ಚಾಪೆಯ ಮೇಲೆ ಓಬಳಮ್ಮ ಒಂದೇ ಕಣ್ಣಿನಲ್ಲಿ ಅಣ್ಣನನ್ನು ನೋಡುತ್ತಿದ್ದಳು.

"ಅಂಗಾರೆ ಅಕ್ಕ?" ಎಂದಳು.

ಅವನು ತಲೆ ತಗ್ಗಿಸಿ, ಉರುಳಿದ್ದ ಬಟ್ಟಲನ್ನು ಎತ್ತಿಟ್ಟ. ಅವಳು ಗೋಡೆಯ ಕಡೆ ಮುಖ ಮಾಡಿದಳು.

ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಕದಿರಪ್ಪನ ತೊಡೆಯ ಮೇಲೆ ಅವಳ ತಲೆ. ಮುಂದೆ ಕೂತ ವೆಂಕಟರಾಯಪ್ಪ ಪ್ರತಿ ಹಳ್ಳಕ್ಕೂ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದ, ಹಳ್ಳ ದಾಟಿದೊಡನೆ "ಬೇಗ ಓಗಪ್ಪ" ಎನ್ನುತ್ತಿದ್ದ. ಡ್ರೈವರು ಎರಡಕ್ಕೂ ತಮಿಳಿನಲ್ಲಿ ಬೈದ. ಹೊಸಕೋಟೆ ದಾಟುವಾಗ ಹಿಂದಿನ ಸೀಟು ನಿಶ್ಶಬ್ದವಾಯಿತು. ತಿರುಗಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಕೊನೆಗೆ ಅವಳು ನೀರು ಕೇಳಿದಳು, ಅವನು ಮುಖ ಮುಚ್ಚಿಕೊಂಡು ಅತ್ತ.

ಅದೇ ಡಾಕ್ಟರು ಸಿಕ್ಕಿದರು. ಅವಳ ತಲೆಯ ಎಕ್ಸ್-ರೇ ಫೋಟೊಗಳನ್ನು ಬೆಳಕಿಗೆ ಹಿಡಿದು, "ನಿನಗೆ ಒಂದೇ ಗುಳ್ಳೆ ಇತ್ತು, ಇವರಿಗೆ ಎರಡಿವೆ. ಹೆಂಗಸರಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಸಿಗೋದೂ ಜಾಸ್ತಿ. ಒಂದು ಸ್ವಲ್ಪ ಒಸರಿ ನಿಂತಿದೆ, ಇನ್ನೊಂದು ಸಲ ತಡೆಯುತ್ತಿರಲಿಲ್ಲ" ಎಂದರು. ಮರುದಿನ ಆರು ಗಂಟೆ ಕಾಲ ತಲೆಯ ಆಪರೇಷನ್ ನಡೆಯಿತು. ಓಬಳಮ್ಮ ಬದುಕಿದಳು. ನಾಲ್ಕನೇ ದಿನ ಗಂಜಿ ಕುಡಿದಳು, ಕರೆದ ಹಸು ಯಾವುದು, ಬತ್ತಿದ್ದು ಯಾವುದು ಅಂತ ಗಂಡನನ್ನು ವಿಚಾರಿಸಿದಳು. ಬಾಗಿಲ ಬಳಿ ನಿಂತಿದ್ದ ಅಣ್ಣನ ಜೊತೆ ಮಾತ್ರ ಅಷ್ಟು ದಿನವೂ ಮಾತಾಡಿರಲಿಲ್ಲ. ಅವತ್ತು ಕೈಸನ್ನೆ ಮಾಡಿ ಕರೆದಳು.

"ಇಲ್ಲಿ ನಿಂತ್ಕೊಂಡು ಏನ್ ಮಾಡ್ತೀಯಣ್ಣ? ಅಕ್ಕನ ಮಕ್ಳಿಬ್ರೂ ಎಣ್ಮಕ್ಳು. ಓಗಿ ಅವ್ರಿಗೇಳು. ಕಾಯಿಲೆ ಇಸ್ಯ ಒಂದೇ ಅಲ್ಲ, ಎಲ್ಲಾನೂ ಏಳು. ಏಳ್ದಂಗೆ ನನ್ ಮುಂದಕ್ಕೆ ಬರಬ್ಯಾಡ."

ಬೂದಿಕೋಟೆ ಕಡೆಯ ಅಕ್ಕನ ಊರಿಗೆ ಅವನು ಮುಟ್ಟಿದಾಗ ಮಧ್ಯಾಹ್ನ. ಅಕ್ಕನ ದೊಡ್ಡ ಮಗಳು ಅನಸೂಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದವಳು ಮೊರ ಬಿಟ್ಟು ಎದ್ದು ಬಂದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಮಾವನ ಕೈಗೆ ಕೊಟ್ಟಳು.

"ಚಿಕ್ಕಮ್ಮನ್ನ ನೀವೇ ಬದುಕಿಸ್ದಂಗಾಯ್ತು ಮಾವ," ಎಂದಳು, ಕಣ್ಣು ಒರೆಸಿಕೊಳ್ಳುತ್ತ. "ನಮ್ಮವ್ವನ ಪಾಲಿಗೆ ಇಂಗೆ ತಿಳಿದೋರು ಯಾರೂ ಇರ್ನಿಲ್ಲ."

"ಇದ್ದೆ ಕಣವ್ವ," ಎಂದ ವೆಂಕಟರಾಯಪ್ಪ. "ನಾನಿದ್ದೆ."

ನೀರು ಕುಡಿಯದೆ ಚೊಂಬನ್ನು ಜಗಲಿಯ ಮೇಲಿಟ್ಟು, ಅವಳ ತಂಗಿಯನ್ನೂ ಕರೆಯುವಂತೆ ಹೇಳಿದ.