ಎರಡು ಬೆರಳಿನ ಜಾಗ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಮ್ಯಾಸಚೂಸೆಟ್ಸಿನ ಹೆಂಗಸರಿಗೆ ಮೂವತ್ತು ವರ್ಷ ಗೌನು ಹೊಲಿದವಳಿಗೆ, ತಮ್ಮ ಸೊಂಟದ ವಿಷಯದಲ್ಲಿ ಯಾರು ಎಷ್ಟು ಸುಳ್ಳು ಹೇಳುತ್ತಾರೆ ಎಂಬುದು ಗೊತ್ತಿರುತ್ತದೆ. ಸರೋವರದ ದಂಡೆಯ ಹೆಣ್ಣುಮಕ್ಕಳ ಕಾಲೇಜಿಗೆ ವ್ಯಾಯಾಮ ಕಲಿಸಲು ಬಂದ ಮಿಸ್ ಥಾರ್ಪ್, ಹುಡುಗಿಯರ ಮೈಯಳತೆಗೆ ನನ್ನನ್ನೇ ಕರೆದಳು. ಟೇಪು ಹಿಡಿಯಲು ನನಗಿಂತ ಪಳಗಿದ ಕೈ ಊರಿನಲ್ಲಿ ಬೇರೆ ಇರಲಿಲ್ಲ.

1886ರ ಅಕ್ಟೋಬರಿನಲ್ಲಿ ನಲವತ್ತು ಹುಡುಗಿಯರನ್ನು ತೆಳು ಅಂಗಿಯಲ್ಲಿ ನಿಲ್ಲಿಸಿ ಎದೆ, ತೋಳು, ಎತ್ತರ ಎಲ್ಲ ಅಳೆದೆ. ಮಿಸ್ ಥಾರ್ಪ್ ಮೇಜಿನ ಬಳಿ ತಲೆ ಬಗ್ಗಿಸಿ ಬರೆದುಕೊಂಡಳು. ಚಳಿಗಾಲವೆಲ್ಲ ಅವರು ಡಂಬೆಲ್ ಎತ್ತಿದರು, ರಾಟೆಯ ಹಗ್ಗ ಎಳೆದರು. ಹಿಮ ಕರಗಿದ ಮೇಲೆ ದೋಣಿಯಲ್ಲಿ ಹುಟ್ಟು ಹಾಕಿದರು. ಮೇ ತಿಂಗಳ ಅಳತೆಯ ಹೊತ್ತಿಗೆ ನನ್ನ ತೋರುಬೆರಳಿಗೆ ಉಗುರುಸುತ್ತು. ಟೇಪನ್ನು ಮಿಸ್ ಥಾರ್ಪೇ ಹಿಡಿದಳು. ನಾನು ಎಡಗೈಯಲ್ಲಿ ಹೇಗೋ ಗೀಚಿದೆ.

ಎಲ್ಲರ ಎದೆಯೂ ಕುಗ್ಗಿತ್ತು. ಒಬ್ಬಳದು ಅರ್ಧ ಇಂಚು, ಇನ್ನೊಬ್ಬಳದು ಮುಕ್ಕಾಲು. ದೋಣಿಯಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ ಫಿಲೀನಾ. ಅವಳದೂ ಮೂವತ್ತಮೂರು ಇದ್ದದ್ದು ಮೂವತ್ತೆರಡೂವರೆ. ಮಿಸ್ ಥಾರ್ಪಳ ಮುಖ ಬಿಳಿಚಿಕೊಂಡಿತು.

ನನಗೆ ಅನುಮಾನ ಹತ್ತಿಕೊಂಡಿತು. ಟೇಪು ಹಿಗ್ಗಿದೆಯೇ ಎಂದು ಗಜಕೋಲಿಗೆ ಹಿಡಿದು ನೋಡಿದೆ, ಸರಿಯಾಗಿತ್ತು. ಹುಡುಗಿಯರು ಅಂಗಿಯೊಳಗೆ ಕದ್ದು ಕಾರ್ಸೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾರೆಯೇ ಎಂದು ಬಟ್ಟೆ ಒಗೆಯುವವಳನ್ನು ಕೆದಕಿದೆ, ಇಲ್ಲವೆಂದಳು. ಉಳಿದವಳು ಮಿಸ್ ಥಾರ್ಪ್. ಇವಳ ತಾಲೀಮೇ ಹುಡುಗಿಯರನ್ನು ಸವೆಸುತ್ತಿದೆ ಎಂದುಕೊಂಡೆ. ಅಂದುಕೊಂಡು ಸುಮ್ಮನಿದ್ದೆನೇ? ಡೀಕನ್ ಪ್ರ್ಯಾಟ್ ಅವರ ಹೆಂಡತಿಗೆ ಗೌನು ತೊಡಿಸಿ ನೋಡುವಾಗ, ಆಕೆ ಕೊಟ್ಟ ಆ್ಯಪಲ್ ಪೈ ತಿನ್ನುತ್ತಾ ಎಲ್ಲವನ್ನೂ ಒದರಿದೆ.

ಡೀಕನ್ ಚರ್ಚಿನ ಹಿರಿಯರು, ಕಾಲೇಜಿನ ಆಡಳಿತ ಮಂಡಳಿಯವರು. ಹುಟ್ಟು ಹಾಕಿದರೆ ಹೆಣ್ಣುಮಕ್ಕಳು ಬತ್ತಿಹೋಗುತ್ತಾರೆ ಎಂದು ಮೊದಲಿಂದಲೂ ವಾದಿಸುತ್ತಿದ್ದವರು. ಗುರುವಾರ ಬಂದು ವ್ಯಾಯಾಮಶಾಲೆ ಮುಚ್ಚಿಸಿ, ಮಿಸ್ ಥಾರ್ಪಳನ್ನು ಮನೆಗೆ ಕಳಿಸುತ್ತೇನೆಂದು ಹೇಳಿ ಕಳಿಸಿದರು. ದೋಣಿಗಳನ್ನಿಡುವ ದೋಣಿಮನೆಗೆ ಅಂದೇ ಬೀಗ ಬಿತ್ತು.

ಬುಧವಾರ ಫಿಲೀನಾ ತನ್ನ ಗೌನು ಹೊತ್ತು ಬಂದಳು.

"ಚಿಕ್ಕಮ್ಮ, ಎದೆ ಹತ್ರ ಹೊಲಿಗೆ ಬಿಟ್ಕೊಳ್ತಾ ಇದೆ. ಸ್ವಲ್ಪ ಬಿಡಿಸಿಕೊಡಿ."

"ಎದೆ ಕುಗ್ಗಿದೆ ಅಂತ ಬರೆದಿದೀವಿ, ಗೌನು ಬಿಗಿ ಅಂತೀಯಲ್ಲೇ?"

"ಅದನ್ನ ಗೌನಿಗೆ ಕೇಳಿ."

ಬೆರಳು ವಾಸಿಯಾಗಿತ್ತು. ಟೇಪು ಸುತ್ತಿದೆ. ಅವಳು ಕಿಸಕ್ಕನೆ ನಕ್ಕಳು.

"ಕಚಗುಳಿ ಆಗತ್ತೆ. ಅಕ್ಟೋಬರಲ್ಲೂ ಹೀಗೇ ಮಾಡಿದ್ರಿ. ಟೇಪಿನೊಳಗೆ ಬೆರಳು ಯಾಕೆ ತೂರಿಸ್ತೀರಿ?"

"ಉಸಿರಾಡೋಕೆ ಜಾಗ ಬೇಡ್ವೇನೇ? ಎರಡು ಬೆರಳು ಬಿಡದೆ ಹೊಲಿದ್ರೆ..."

ಬೆರಳು ತೆಗೆದು ಟೇಪು ಕೂಡಿಸಿದೆ: ಮೂವತ್ತೆರಡೂವರೆ. ತೂರಿಸಿದೆ: ಮೂವತ್ತಮೂರೂವರೆ. ನಲವತ್ತು ಹುಡುಗಿಯರ ಎದೆಗೆ ಅಕ್ಟೋಬರಿನಲ್ಲಿ ಒಂದೊಂದು ಇಂಚು ನಾನೇ ಸೇರಿಸಿದ್ದೆ. ಮೇ ತಿಂಗಳಲ್ಲಿ ಮಿಸ್ ಥಾರ್ಪ್ ಬೆರಳು ತೂರಿಸದೆ ಅಳೆದಿದ್ದಳು. ಅವರು ಬೆಳೆದಿದ್ದರು, ನಾನು ಕುಗ್ಗಿಸಿದ್ದೆ. ನಾಚಿಕೆಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಮಿಸ್ ಥಾರ್ಪಳ ಕೆಲಸ ಹೋಗುತ್ತಿತ್ತು.

ಗುರುವಾರ ಡೀಕನ್ನರ ಮುಂದೆ ನಿಂತು ಹೇಳಿಬಿಟ್ಟೆ. ಮಿಸ್ ಥಾರ್ಪ್ ನನ್ನನ್ನೇ ದಿಟ್ಟಿಸಿದಳು. ಡೀಕನ್ ನಂಬಲಿಲ್ಲ.

"ಕೆಜಾಯಾ, ಹೋದ ವಾರ ನನ್ನ ಹೆಂಡತಿ ಹತ್ರ ಒಂದು ಹೇಳಿದೆ. ಇವತ್ತು ಇನ್ನೊಂದು. ಈಯಮ್ಮ ನಿನಗೇನು ಕೊಟ್ಟಳು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೆರಳು ಮುಟ್ಟಿ ನೋಡಿಕೊಂಡೆ. ಆಮೇಲೆ ಟೇಪು ತೆಗೆದೆ.

"ಕೋಟು ಬಿಚ್ಚಿ, ಡೀಕನ್. ನಿಮ್ಮ ವೇಸ್ಟ್‌ಕೋಟು ಅಳೆದಿರೋಳು ನಾನೇ ತಾನೆ, ಸಂಕೋಚ ಯಾಕೆ?"

ಬೆರಳು ತೂರಿಸಿ ಅಳೆದು ಟೇಪನ್ನು ಅವರ ಕಣ್ಣಿಗೇ ಹಿಡಿದೆ. ನಲವತ್ತೊಂದು ಎಂದು ಅವರೇ ಓದಿದರು. ಬೆರಳು ತೆಗೆದು ಮತ್ತೆ ಹಿಡಿದೆ. ಈ ಸಲ ಅವರು ಓದಲಿಲ್ಲ. ಮಿಸ್ ಥಾರ್ಪ್ ಬಗ್ಗಿ ನೋಡಿ, "ನಲವತ್ತು" ಎಂದಳು.

"ಒಂದು ನಿಮಿಷದಲ್ಲಿ ಒಂದಿಂಚು ಬತ್ತಿಹೋದ್ರಲ್ಲ," ಎಂದೆ. "ಯಾವ ದೋಣಿಗೆ ಹುಟ್ಟು ಹಾಕಿದ್ರಿ?"

ಡೀಕನ್ ಕೋಟು ಹಾಕಿಕೊಂಡು, ಜೇಬಿನಿಂದ ದೋಣಿಮನೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೋದರು.

ಬಾಗಿಲು ಮುಚ್ಚಿದ ಮೇಲೆ ಮಿಸ್ ಥಾರ್ಪ್ ನನ್ನತ್ತ ಕೈ ಚಾಚಿದಳು. ಕೈ ಕುಲುಕುತ್ತಾಳೆಂದು ನಾನೂ ಚಾಚಿದೆ. ಆಕೆ ಟೇಪನ್ನು ತೆಗೆದುಕೊಂಡು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದಳು. ತಪ್ಪೇನಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ನನ್ನನ್ನು ನಂಬುತ್ತಿರಲಿಲ್ಲ.