ಪೆಡಲಿನ ತೂಕ

"ಮನೆಯಲ್ಲೇ ನಿಜವಾದ ವಿಮಾನ" ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಓದಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು. ಹತ್ತೊಂಬತ್ತು ವರ್ಷದಿಂದ ನಾನು ವಿಮಾನದ ಮೆಕ್ಯಾನಿಕ್. ಹಾರಾಟ ಕಲಿಸುವ ಶಾಲೆಯ ಐದು ಸಣ್ಣ ವಿಮಾನಗಳ ನಟ್ಟು ಬಿಗಿಯುವವನು ನಾನು, ಎಣ್ಣೆ ಬದಲಿಸುವವನು ನಾನು, "ಹಾರಲು ಯೋಗ್ಯ" ಎಂದು ಪ್ರತಿ ಬೆಳಿಗ್ಗೆ ಸಹಿ ಹಾಕುವವನೂ ನಾನೇ. ನಿಜ ಯಾವುದು ಎಂದು ನನಗೊಂದು ಡಬ್ಬಿ ಹೇಳಿಕೊಡಬೇಕೇ?

ಡಬ್ಬಿ ತಂದವಳು ತಂಗಿ. ಒಳಗಿದ್ದದ್ದು ಸಿಮ್ಯುಲೇಟರ್, ಕಂಪ್ಯೂಟರಿನಲ್ಲೇ ವಿಮಾನ ಹಾರಿಸಿ ಅಭ್ಯಾಸ ಮಾಡುವ ಸಾಮಾನು. ಅದೇ ಶಾಲೆಯಲ್ಲಿ ಅವಳು ವಿಮಾನ ಹಾರಿಸಲು ಕಲಿಯುತ್ತಿದ್ದಳು. ಗಾಳಿ ನೇರವಾಗಿದ್ದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಇಳಿಸುತ್ತಿದ್ದಳು. ಗಾಳಿ ಪಕ್ಕದಿಂದ ಬೀಸಿದಾಗ ಮಾತ್ರ ಅವಳ ಕಾಲು ಕೈಕೊಡುತ್ತಿತ್ತು. ಅಡ್ಡಗಾಳಿಯಲ್ಲಿ ಇಳಿಯುವಾಗ ವಿಮಾನದ ಮೂಗು ಗಾಳಿ ಬಂದ ಕಡೆಗೆ ತಿರುಗಿಕೊಂಡಿರುತ್ತದೆ. ಚಕ್ರ ನೆಲ ಮುಟ್ಟುವ ಗಳಿಗೆಗೆ ಸರಿಯಾಗಿ ಕಾಲಿನ ಪೆಡಲ್ ಒತ್ತಿ, ಬಾಲದ ಮೇಲಿನ ಹಲಗೆಯನ್ನು ಹೊರಳಿಸಿ, ಮೂಗನ್ನು ರನ್‌ವೇಗೆ ನೇರ ಮಾಡಬೇಕು. ಎರಡು ಪರೀಕ್ಷೆಗಳಲ್ಲೂ ಅವಳು ತಡಮಾಡಿದ್ದಳು. ಮೂರನೆಯದಕ್ಕೆ ಇನ್ನು ಮೂರು ವಾರವಿತ್ತು. ಅದರಲ್ಲೂ ನಪಾಸಾದರೆ ಶಾಲೆಯ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

ಊಟದ ಮೇಜಿನ ಮೇಲೆ ಕಂಪ್ಯೂಟರ್, ಕೆಳಗೆ ಎರಡು ಪ್ಲಾಸ್ಟಿಕ್ ಪೆಡಲ್. ಅಮ್ಮ ತಟ್ಟೆಗಳನ್ನು ಹಿಡಿದುಕೊಂಡು ಬಂದವಳು ಅಲ್ಲೇ ನಿಂತಳು.

"ಇನ್ಮೇಲೆ ಊಟ ಎಲ್ಲಿ ಮಾಡೋದು? ರನ್‌ವೇ ಮೇಲಾ?"

"ಮೂರೇ ವಾರ ಅಮ್ಮಾ," ಎಂದ ತಂಗಿ ನನ್ನ ಕಡೆ ತಿರುಗಿದಳು. "ಹೇಗಿದೆ ಅಣ್ಣಾ?"

ಪರದೆಯ ಮೇಲೆ ನಮ್ಮ ಶಾಲೆಯದೇ ಮಾದರಿಯ ವಿಮಾನ ನಿಂತಿತ್ತು.

"ಟೈರಿಗೆ ಯಾರು ಪಾಲಿಶ್ ಹಾಕಿದ್ದು?" ಎಂದೆ.

"ಟೈರು ಬಿಡು. ಒಟ್ಟಾರೆ ಹೇಗಿದೆ ಹೇಳು."

ಒಟ್ಟಾರೆ ನೋಡುವ ಅಭ್ಯಾಸ ನನಗಿಲ್ಲ. ನಾನು ಒಂದೊಂದನ್ನೇ ನೋಡುವವನು. ಎಂಜಿನ್ನಿನ ಕೆಳಗೆ ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಇಲ್ಲ. ನಮ್ಮ ಐದರಲ್ಲಿ ಯಾವುದರಿಂದಲಾದರೂ ಎಣ್ಣೆ ತೊಟ್ಟಿಕ್ಕುತ್ತಿಲ್ಲ ಎಂದರೆ ಅದರಲ್ಲಿ ಎಣ್ಣೆ ಖಾಲಿಯಾಗಿದೆ ಎಂದೇ ಅರ್ಥ. ರೆಕ್ಕೆಯ ಅಂಚಿಗೆ ಒಂದು ಹುಳುವೂ ಅಂಟಿಲ್ಲ. ಬಾಗಿಲು ಒಂದೇ ಸಲಕ್ಕೆ ಹಾಕಿಕೊಂಡಿತು. ನಿಜದ್ದು ಮೂರು ಸಲ ಬಡಿದರೂ ಕೂರುವುದಿಲ್ಲ. ಅವಳು ಕೀ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಯಿತು. ಬೆಳಗಿನ ಚಳಿಯಲ್ಲಿ ಕೆಮ್ಮದೆ, ಉಗುಳದೆ, ನನ್ನಿಂದ ನಾಲ್ಕು ಬೈಗುಳ ತಿನ್ನದೆ ಶುರುವಾದ ಎಂಜಿನ್ನನ್ನು ನಾನಂತೂ ಕಂಡಿಲ್ಲ. ನಮ್ಮ ಏರ್‌ಫೀಲ್ಡನ್ನೂ ಅದರೊಳಗೆ ಇಟ್ಟಿದ್ದರು. ರನ್‌ವೇ ಇತ್ತು, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲವೂ ಇತ್ತು. ನಾನು ವಿಮಾನ ರಿಪೇರಿ ಮಾಡುವ ಹ್ಯಾಂಗರ್ ಇರಬೇಕಾದ ಕಡೆ ನಾಲ್ಕು ಮರ ನೆಟ್ಟಿದ್ದರು.

"ನಿಜವಂತೆ, ನಿಜ! ಹತ್ತೊಂಬತ್ತು ವರ್ಷ ಬೆವರು ಸುರಿಸಿದ ಜಾಗದಲ್ಲಿ ಮರ ಬೆಳೆಸಿದ್ದಾರೆ!"

"ಮೇಲಿಂದ ಸುಮಾರು ಹೀಗೇ ಕಾಣುತ್ತೆ ಅಣ್ಣಾ. ನೀನು ಒಂದ್ಸಲನಾದ್ರೂ ಬಂದು ನೋಡಿದ್ರೆ ತಾನೆ ಗೊತ್ತಾಗೋದು."

ನಮ್ಮ ಹ್ಯಾಂಗರಿನಲ್ಲಿ ಒಂದು ಪದ್ಧತಿಯಿದೆ. ದೋಷ ಸರಿಪಡಿಸಿದ ಮೆಕ್ಯಾನಿಕ್ಕೇ ಆ ವಿಮಾನದ ಮೊದಲ ಹಾರಾಟದಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಕು. ನಾನು ಸರಿಪಡಿಸಿದಾಗಲೆಲ್ಲ ನನಗೆ ಬೆನ್ನು ನೋವು ಬರುತ್ತದೆ, ನನ್ನ ಬದಲು ಬೇರೆಯವರು ಕೂರುತ್ತಾರೆ. ಬೆನ್ನು ನೋವಿನ ವಿಷಯ ಎಲ್ಲರಿಗೂ ಗೊತ್ತು. ಅದು ಬೆನ್ನಲ್ಲ, ಭಯ ಎನ್ನುವುದು ನನಗೊಬ್ಬನಿಗೇ ಗೊತ್ತು.

ಮಾತು ತಪ್ಪಿಸಲು ಬಗ್ಗಿ ಪೆಡಲನ್ನು ಕೈಯಿಂದ ಒತ್ತಿದೆ. ಹಿಟ್ಟಿನ ಮುದ್ದೆಗೆ ಬೆರಳಿಟ್ಟಷ್ಟು ಸಲೀಸಾಗಿ ಒಳಗೆ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತು. ಉಳಿದದ್ದೆಲ್ಲ ಹಾಳಾಗಲಿ, ಇವಳು ಪಾಸಾಗಬೇಕಾದ್ದೇ ಕಾಲಿನಿಂದ. ಆ ಕಾಲಿಗೇ ಆಟಿಕೆ ಕೊಟ್ಟರೆ ಹೇಗೆ?

"ಇದನ್ನ ಒತ್ತಿ ಒತ್ತಿ ನಿನ್ನ ಕಾಲು ಇನ್ನೂ ಸೋಮಾರಿ ಆಗುತ್ತೆ. ನಾಳೆ ಸರಿ ಮಾಡ್ತೀನಿ," ಎಂದೆ.

ಮರುದಿನ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಹಿಡಿದು, ಹ್ಯಾಂಗರಿನಲ್ಲಿ ನಿಂತಿದ್ದ ಅವಳ ವಿಮಾನದೊಳಗೆ ತಲೆ ತೂರಿಸಿದೆ. ಎರಡು ಪೆಡಲ್‌ಗಳಲ್ಲಿ ಒಂದು ಹಿಂದೆ ಬಂದರೆ ಇನ್ನೊಂದು ಮುಂದೆ ಹೋಗುತ್ತದೆ, ಹಾಗಾಗಿ ಎಳೆದರೂ ಒತ್ತಿದರೂ ತೂಕ ಒಂದೇ. ಕೊಕ್ಕೆ ಹಾಕಿ ಎಳೆದೆ. ಹದಿನೆಂಟು ಕಿಲೋ. ಮತ್ತೆರಡು ಸಲ ಎಳೆದೆ, ಹದಿನೆಂಟೇ. ಮೂರು ಸಲ ಅಳೆಯದೆ ನಾನು ಯಾವುದನ್ನೂ ಬರೆದುಕೊಳ್ಳುವವನಲ್ಲ. ಹಳೆಯ ಸಾಮಾನಿನ ಪೆಟ್ಟಿಗೆಯಿಂದ ಎರಡು ಸ್ಪ್ರಿಂಗ್ ಆರಿಸಿ, ಕಬ್ಬಿಣದ ಪಟ್ಟಿಗೆ ಬಿಗಿದು, ಆ ಪ್ಲಾಸ್ಟಿಕ್ ಪೆಡಲಿನ ಹಿಂದೆ ಕೂರಿಸಿದೆ. ತಕ್ಕಡಿ ಹದಿನೆಂಟು ತೋರಿಸುವವರೆಗೂ ಬಿಡಲಿಲ್ಲ. ಇಡೀ ಸಿಮ್ಯುಲೇಟರಿನಲ್ಲಿ ನಿಜವಾದದ್ದು ಇದೊಂದೇ ಎಂದು ಬೀಗಿದೆ.

ತಂಗಿ ಕೂತು ಒತ್ತಿದಳು. ಹುಬ್ಬು ಗಂಟಿಕ್ಕಿತು.

"ಅಣ್ಣಾ, ಗಟ್ಟಿ ಆಯ್ತು ಅನ್ಸುತ್ತೆ. ಮೇಲೆ ಇಷ್ಟೊಂದು ಇರಲ್ಲ."

"ನಿನಗೆ ಅನ್ಸೋದು ಮುಖ್ಯಾನಾ, ತಕ್ಕಡಿ ಮುಖ್ಯಾನಾ? ನಿನ್ನ ವಿಮಾನದಲ್ಲೇ ಅಳೆದಿದ್ದೀನಿ, ಮೂರು ಸಲ."

"ಅದಲ್ಲ, ನನ್ನ ಕಾಲಿಗೆ…"

"ಎರಡು ಸಲ ನಪಾಸಾಗಿರೋ ಕಾಲು ಅದು. ಅದರ ಮಾತು ಕೇಳ್ತೀಯಾ?"

ಹೇಳಬಾರದಿತ್ತು. ಅವಳು ತುಟಿ ಕಚ್ಚಿಕೊಂಡು ಪರದೆಯ ಕಡೆ ತಿರುಗಿದಳು, ಮತ್ತೆ ಆ ಮಾತು ಎತ್ತಲಿಲ್ಲ.

ಮೂರು ವಾರ ಸಂಜೆಯೆಲ್ಲ ಅದೇ. ಅವಳು ಒದೆಯುವುದು, ಮೇಜು ಅಲುಗುವುದು, ನಾನು ಹಿಂದೆ ನಿಂತು "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಎನ್ನುವುದು. ಮೊದಲ ವಾರ ಪರದೆಯ ವಿಮಾನ ಹುಲ್ಲಿಗೆ ನುಗ್ಗಿತು. ಎರಡನೆಯ ವಾರ ರನ್‌ವೇ ಮೇಲೆ ಉಳಿಯಿತು. ಮೂರನೆಯ ವಾರ ಎಂಥ ಗಾಳಿ ಕೊಟ್ಟರೂ ನೇರ ಇಳಿಯತೊಡಗಿತು. ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತ ತಂಗಿ ನಕ್ಕಳು. ನಾನು ಹ್ಯಾಂಗರಿನಲ್ಲಿ ಕಂಡಕಂಡವರಿಗೆಲ್ಲ ನನ್ನ ಸ್ಪ್ರಿಂಗಿನ ಕತೆ ಹೇಳಿದೆ.

ಶನಿವಾರ ಪರೀಕ್ಷೆ. ಗಾಳಿ ಎಡದಿಂದ ಚೆನ್ನಾಗಿಯೇ ಬೀಸುತ್ತಿತ್ತು. ನಾನು ಹ್ಯಾಂಗರಿನ ಬಾಗಿಲಲ್ಲಿ ನಿಂತಿದ್ದೆ. ವಿಮಾನ ಎಡಕ್ಕೆ ಮೂಗು ತಿರುಗಿಸಿಕೊಂಡು ಇಳಿಯಿತು. ನೆಲ ಹತ್ತಿರವಾಯಿತು, ಮೂಗು ನೇರವಾಗಲು ಬಲಕ್ಕೆ ತಿರುಗಿತು, ನೇರವಾಯಿತು, ಆದರೆ ಅಲ್ಲಿಗೆ ನಿಲ್ಲಲಿಲ್ಲ. ಸರ್ರನೆ ಬಲಕ್ಕೇ ಹೊರಳಿತು. ಟೈರು ಕಿರುಚಿದ್ದು ನನ್ನವರೆಗೂ ಕೇಳಿಸಿತು. ಇನ್‌ಸ್ಟ್ರಕ್ಟರ್ ಮೇಡಂ ಪಕ್ಕದ ಸೀಟಿನಿಂದ ತಾವೇ ಹಿಡಿತಕ್ಕೆ ತೆಗೆದುಕೊಂಡಿರಬೇಕು, ವಿಮಾನ ಒಂದು ಸಲ ಒಲೆದಾಡಿ ನೇರವಾಗಿ ನಿಂತಿತು.

ಮೇಡಂ ಇಳಿದು ನನ್ನ ಕಡೆ ಬಂದರು. "ಮೊದಲೆರಡು ಸಲ ಸಮಯಕ್ಕೆ ಕಾಲೇ ಬರ್ಲಿಲ್ಲ. ಈ ಸಲ ಕುದುರೆ ಒದ್ದ ಹಾಗೆ ಬಂತು. ಏನು ಹೇಳ್ಲಿ ನಾನು? ಸೋಮವಾರ ವರದಿ ಕೊಡಬೇಕು."

ಮನೆಯಲ್ಲಿ ತಂಗಿ ಕಂಪ್ಯೂಟರಿನ ತಂತಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದಳು. "ನನ್ನ ಕಾಲೇ ಸರಿ ಇಲ್ಲ ಬಿಡಣ್ಣ. ನೀನು ಅಷ್ಟು ಕಷ್ಟಪಟ್ಟೆ," ಎಂದಳು. ಅಮ್ಮ ಮೇಜು ಒರೆಸಿ ತಟ್ಟೆ ಇಟ್ಟಳು. ಎಷ್ಟೋ ದಿನದ ಮೇಲೆ ಮೇಜಿನ ಮೇಲೆ ಊಟ. ನಾನು ಆ ಕಂಪ್ಯೂಟರ್ ಮಾಡಿದವರನ್ನು ಕೈ ತೊಳೆಯುವವರೆಗೂ ಬೈದೆ.

ಅಡ್ಡಡ್ಡ ಉಜ್ಜಿದ್ದಕ್ಕೆ ಆ ವಿಮಾನದ ಮುಂದಿನ ಟೈರು ಒಂದು ಕಡೆ ಸವೆದಿತ್ತು. ಭಾನುವಾರ ಬೆಳಿಗ್ಗೆ ನಾನೇ ಹೋಗಿ ಮೂಗನ್ನು ಜಾಕಿನಿಂದ ಎತ್ತಿ, ಚಕ್ರ ಬದಲಿಸಿದೆ. ಮೂಗನ್ನು ಜಾಕಿನಿಂದ ಇಳಿಸುವ ಮೊದಲು, ವಿಮಾನದೊಳಗೆ ಜಾರಿಬಿದ್ದ ಸ್ಪ್ಯಾನರ್ ತೆಗೆಯಲು ಬಗ್ಗಿದಾಗ ಅಂಗೈ ಪೆಡಲಿನ ಮೇಲೆ ಊರಿತು. ಪೆಡಲ್ ಸರಕ್ಕನೆ ಮುಂದೆ ಹೋಯಿತು.

ನಾನು ಹಾಗೇ ಬಗ್ಗಿಕೊಂಡಿದ್ದೆ. ಮತ್ತೆ ಒತ್ತಿದೆ. ಮತ್ತೆ ಸರಕ್ಕನೆ ಹೋಯಿತು. ತಕ್ಕಡಿ ತಂದು ಕೊಕ್ಕೆ ಹಾಕಿದೆ. ಐದೂವರೆ ಕಿಲೋ. ಮೂರು ಸಲವೂ ಐದೂವರೆ.

ಪೆಡಲಿನಿಂದ ಮುಂದಿನ ಚಕ್ರಕ್ಕೆ ಒಂದು ಸರಳು ಹೋಗುತ್ತದೆ, ನೆಲದ ಮೇಲೆ ಓಡುವಾಗ ತಿರುಗಿಸಲು. ಚಕ್ರ ನೆಲಕ್ಕೆ ಊರಿದ್ದರೆ ಪೆಡಲ್ ಒತ್ತುವವರು ಟೈರನ್ನೂ ಸಿಮೆಂಟಿನ ಮೇಲೆ ತಿರುಚಬೇಕು. ಆಕಾಶದಲ್ಲಿ ಆ ಭಾರವಿಲ್ಲ. ನಾನು ಅಳೆದದ್ದು ಹ್ಯಾಂಗರಿನ ನೆಲವನ್ನು. ಆ ಸರಳಿಗೆ ಪ್ರತಿ ತಿಂಗಳು ಗ್ರೀಸ್ ಹಚ್ಚುವವನು ನಾನೇ! ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಅವಳ ಕಾಲು ಮೊದಲ ದಿನವೇ ಸರಿಯಾಗಿ ಹೇಳಿತ್ತು. ಬಾಯಿ ಮುಚ್ಚಿಸಿದವನು ನಾನು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ.

ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಕಾಗದದಲ್ಲಿ ಬರೆದು, ಕೆಳಗೆ ಸಹಿ ಹಾಕಿ ಮೇಡಂ ಮೇಜಿನ ಮೇಲಿಟ್ಟೆ. ಮೇಡಂ ಎರಡು ಸಲ ಓದಿದರು.

"ಇದನ್ನ ವರದಿ ಜೊತೆ ಕಳಿಸ್ತೀನಿ. ಇನ್ನೊಂದು ಅವಕಾಶ ಕೇಳ್ತೀನಿ. ಆದ್ರೆ ಹ್ಯಾಂಗರಿನವರೆಲ್ಲ ಇದನ್ನ ಓದ್ತಾರೆ, ಗೊತ್ತಲ್ಲ?"

"ಓದ್ಲಿ ಮೇಡಂ."

"ಇನ್ನೊಂದು ವಿಷಯ. ದೋಷ ಸರಿ ಮಾಡಿದವರು ಹಿಂದಿನ ಸೀಟಲ್ಲಿ ಕೂರಬೇಕು ಅನ್ನೋದು ನಿಮ್ಮದೇ ಪದ್ಧತಿ ಅಲ್ವಾ?"

ನನ್ನ ಕೈ ತಾನಾಗಿಯೇ ಬೆನ್ನಿಗೆ ಹೋಯಿತು. ಮೇಡಂ ನೋಡುತ್ತಲೇ ಇದ್ದರು. ಕೈ ಕೆಳಗಿಳಿಸಿದೆ.

ತಂಗಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಡಬ್ಬಿಯಿಂದ ಪೆಡಲ್ ತೆಗೆದು, ಅವಳ ಎದುರಿಗೇ ಸ್ಪ್ರಿಂಗ್ ಬಿಚ್ಚುತ್ತ ಹೇಳಿದೆ. ಅವಳ ಮುಖ ಕೆಂಪಾಯಿತು.

"ಮೂರು ವಾರ ನನ್ನ ಕಾಲನ್ನ ನಾನೇ ಬೈದುಕೊಂಡೆ. ನಿನ್ನನ್ನ ನಂಬಿದೆ, ನನ್ನ ಕಾಲನ್ನ ನಂಬಲಿಲ್ಲ."

"ತಪ್ಪಾಯ್ತು ಕಣೇ."

"ಆ ಸ್ಪ್ರಿಂಗ್ ಇಲ್ಲಿ ಕೊಡು," ಎಂದವಳು ಅದನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮತ್ತೆ ಮೇಜಿನ ಮೇಲೆ ಕಂಪ್ಯೂಟರ್ ಬಂತು. ನಾನು ಹಿಂದೆ ನಿಲ್ಲಲಿಲ್ಲ, ಅಡುಗೆಮನೆಯಲ್ಲಿ ಕೂತಿದ್ದೆ.

ಶಾಲೆ ಅವಳಿಗೆ ಇನ್ನೊಂದು ಅವಕಾಶ ಕೊಟ್ಟಿತು. ಎರಡು ವಾರದ ಮೇಲೆ ಮತ್ತೆ ಅಂಥದೇ ಗಾಳಿ ಬೀಸಿದ ದಿನ ಮೇಡಂ ಕರೆ ಕಳಿಸಿದರು. ವಿಮಾನದ ಬಳಿ ಹೋಗಿ, ಬೆಳಿಗ್ಗೆಯೇ ನೋಡಿದ್ದ ಟೈರನ್ನು ಮತ್ತೆ ನೋಡತೊಡಗಿದೆ.

"ಹತ್ತಣ್ಣ. ನೀನೇ ಸಹಿ ಹಾಕಿರೋ ವಿಮಾನ ತಾನೆ?" ಎಂದಳು ತಂಗಿ.

ಬಾಗಿಲು ಮೂರು ಸಲ ಬಡಿದ ಮೇಲೆ ಹಾಕಿಕೊಂಡಿತು. ನೆಲ ಬಿಟ್ಟಾಗ ಕಣ್ಣು ಮುಚ್ಚಿಕೊಂಡೆ. ಒಂದು ಸುತ್ತು ತಿರುಗುವಾಗ ಧೈರ್ಯ ಮಾಡಿ ಕೆಳಗೆ ನೋಡಿದೆ. ನನ್ನ ಹ್ಯಾಂಗರ್ ಕಾಣಲಿಲ್ಲ. ಪಕ್ಕದ ನಾಲ್ಕು ಮರಗಳು ಅದರ ಛಾವಣಿಯನ್ನು ಪೂರ್ತಿ ಮುಚ್ಚಿದ್ದವು. ಅಷ್ಟು ಭಯದಲ್ಲೂ ನನಗೆ ಉರಿಯಿತು.

ರನ್‌ವೇ ಎದ್ದು ಬರತೊಡಗಿತು, ಓರೆಯಾಗಿ. ಎಡಗಡೆಯಿಂದ ಗಾಳಿ ತಳ್ಳುತ್ತಿತ್ತು. ಮೇಡಂ ಕೈ ಕಟ್ಟಿ ಕೂತಿದ್ದರು. ನಾನು ತಂಗಿಯ ಬಲಗಾಲನ್ನೇ ನೋಡುತ್ತಿದ್ದೆ. ಒತ್ತು, ಒತ್ತು ಎಂದು ಗಂಟಲವರೆಗೆ ಬಂತು. ಹಲ್ಲು ಕಚ್ಚಿ ತಡೆದೆ. ಅವಳ ಕಾಲು ಬಾಗಿಲ ಬಳಿ ಚಪ್ಪಲಿ ಸರಿಸುವಷ್ಟು ಮೆಲ್ಲಗೆ ಮುಂದೆ ಹೋಯಿತು, ಅಲ್ಲೇ ನಿಂತಿತು. ಮೂಗು ನೇರವಾಯಿತು. ಚಕ್ರಗಳು ನೆಲ ಮುಟ್ಟಿದವು. ಮೇಡಂ ಕಟ್ಟಿದ ಕೈ ಬಿಚ್ಚಲೇ ಇಲ್ಲ.

"ಅಣ್ಣಾ," ಎಂದಳು ತಂಗಿ, ಹಿಂದೆ ತಿರುಗದೆ.

"ಏನು?"

"ಇಳಿದಾಯ್ತು. ಕಾಲು ತೆಗಿ, ನನ್ನ ಸೀಟು ಮುರಿಯುತ್ತೆ."

ನೋಡಿಕೊಂಡರೆ ನನ್ನ ಎರಡೂ ಕಾಲು ಅವಳ ಸೀಟಿನ ಬೆನ್ನನ್ನು ಒತ್ತಿಹಿಡಿದಿದ್ದವು, ಹದಿನೆಂಟು ಕಿಲೋಗೆ ಒಂದು ಗ್ರಾಮೂ ಕಡಿಮೆಯಿಲ್ಲದ ಹಾಗೆ. ಒಂದೊಂದಾಗಿ ತೆಗೆದು ಕೆಳಗಿಟ್ಟೆ.