ಕಾಶಿಯಲ್ಲಿ ಬಿಟ್ಟದ್ದು

ಎಲೆಯ ಮೇಲೆ ಅಡ್ಡವಾಗಿ ಹಿಡಿದ ಒಂದು ಕೈ. ತಿರುಮಲಮ್ಮನವರನ್ನು ನೆನೆದಾಗಲೆಲ್ಲ ಮುಖಕ್ಕಿಂತ ಮೊದಲು ನನಗೆ ಕಾಣುವುದು ಅದು. ಬಡಿಸುವವರ ಸೌಟು ಅರ್ಧದಲ್ಲೇ ನಿಲ್ಲುತ್ತಿತ್ತು. "ಬೇಡಮ್ಮ, ಕಾಶಿಲಿ ಬಿಟ್ಟಿದೀನಿ" ಎನ್ನುತ್ತಿದ್ದರು. ಆ ಮಾತು ಬಂದ ಮೇಲೆ ಯಾರೂ ಬಲವಂತ ಮಾಡುವಂತಿರಲಿಲ್ಲ.

ಆಗ ನಾನು ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದೆ. ನನ್ನ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಯಜಮಾನರು ರಾಮಶೇಷಯ್ಯನವರು ಬಟ್ಟೆ ಗಿರಣಿಯಲ್ಲಿ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಪಿಂಚಣಿ ಮೊದಲ ತಿಂಗಳು ಎಷ್ಟು ಬಂದಿತ್ತೋ ಕೊನೆಯ ತನಕ ಅಷ್ಟೇ ಬಂತು. ಅಂಗಡಿಯ ಬೆಲೆಗಳಿಗೆ ಮಾತ್ರ ಅಂಥ ನಿಷ್ಠೆ ಇರಲಿಲ್ಲ. ಮಕ್ಕಳಿಲ್ಲದ ದಂಪತಿ. ನಿವೃತ್ತಿಯಲ್ಲಿ ಕೈಗೆ ಬಂದ ಇಡುಗಂಟಿನಲ್ಲಿ ಒಂದು ಪಾಲು ತೆಗೆದು ಇಬ್ಬರೂ ಕಾಶಿಗೆ ಹೋಗಿ ಬಂದರು.

ಕಾಶಿಗೆ ಹೋದವರು ಅಲ್ಲಿ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕು, ಬಿಟ್ಟದ್ದನ್ನು ಬದುಕಿರುವ ತನಕ ಮುಟ್ಟಬಾರದು ಎನ್ನುವುದು ನಮ್ಮ ಕಡೆಯ ರೂಢಿ. ತುಂಬ ಇಷ್ಟವಾದದ್ದನ್ನೇ ಬಿಡಬೇಕಂತೆ. ಆದರೆ ಜನ ಜಾಣರು, ಹಾಗಲಕಾಯಿ ಬಿಟ್ಟು ಬರುತ್ತಾರೆ. ಇವರೂ ಅಷ್ಟೇ, ಸೋರೆಕಾಯಿಯನ್ನೂ ಬೇಲದ ಹಣ್ಣನ್ನೂ ಬಿಟ್ಟು ಹಾಯಾಗಿ ಬಂದಿದ್ದರು.

ಎರಡು ವರ್ಷ ಕಳೆದ ಮೇಲೆ ಆ ಪಟ್ಟಿಗೆ ಬೀನ್ಸ್ ಸೇರಿತು. ಆಮೇಲೆ ಗೋಡಂಬಿ, ದ್ರಾಕ್ಷಿ. ಒಂದು ಸಂಜೆ ನಾನು ಕೊಟ್ಟ ಲೋಟವನ್ನೂ ಅವರು ಹಿಂದಕ್ಕೆ ಸರಿಸಿದರು.

"ಕಾಫೀನೂ ಬಿಟ್ರಾ ಅಮ್ಮ?"

"ಹೂಂ. ಅದೂ ಗಿಡದಲ್ಲೇ ತಾನೇ ಆಗೋದು?"

ಕಾಶಿಗೆ ಹೋದದ್ದು ಒಂದೇ ಸಲ, ಬಿಡುವುದು ಮಾತ್ರ ವರ್ಷಕ್ಕೆರಡು ಸಲ ನಡೆಯುತ್ತಿತ್ತು. ಬೀದಿಯವರು ಅದನ್ನು ವೈರಾಗ್ಯ ಎಂದುಕೊಂಡರು. ನಾನು ಕಚೇರಿಗೆ ಹೋಗುವ ದಾರಿಯಲ್ಲಿ ದಿನಸಿ ಅಂಗಡಿಯಿತ್ತು. ಅಲ್ಲಿಯ ಹಲಗೆಯ ಮೇಲೆ ಯಾವುದರ ದರ ಇದ್ದಕ್ಕಿದ್ದಂತೆ ಏರುತ್ತಿತ್ತೋ, ತಿಂಗಳೊಳಗೆ ಅದು ತಿರುಮಲಮ್ಮನವರ ಕಾಶಿಗೆ ಹೋಗಿ ಸೇರುತ್ತಿತ್ತು. ಇದು ಹೊಳೆದ ದಿನ ನನಗೆ ನಗು ಬಂತು. ಸಂಜೆ ಅವರು ಬಾಗಿಲಲ್ಲಿ ನಿಂತು "ಇವತ್ತು ಲೇಟಾಯ್ತಲ್ಲಮ್ಮ, ಊಟ ಆಯ್ತಾ?" ಎಂದು ಕೇಳಿದಾಗ ಬೆಳಿಗ್ಗೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ.

ಕೊನೆಗೆ ಅವರು ತೆಂಗಿನಕಾಯಿ ಬಿಟ್ಟರು. ಬೀದಿಯ ಹಿರಿಯರಾದ ಅಚ್ಚಮ್ಮನವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ತೆಂಗಿನಕಾಯೀನಾ? ನಾನು ಮೂರು ಸಲ ಹೋಗ್ಬಂದೆ ಕಣೆ, ತೆಂಗಿನಕಾಯಿ ಬಿಟ್ಟೋರನ್ನ ಕಂಡಿಲ್ಲ. ಅದಿಲ್ದೆ ಅಡುಗೆ ಹ್ಯಾಗೆ ಮಾಡ್ತೀಯೇ?"

"ಅಭ್ಯಾಸ ಆಗತ್ತೆ ಬಿಡಿ" ಎಂದರು ತಿರುಮಲಮ್ಮ.

ಅಲ್ಲೇ ಅವರು ಸಿಕ್ಕಿಹಾಕಿಕೊಂಡದ್ದು. ಕೊಳ್ಳಲು ಆಗದ್ದನ್ನು ಕೊಳ್ಳದಿರುವುದು ಸುಲಭ. ಆದರೆ ಕಾಶಿಯ ಹೆಸರು ಹೇಳಿದ ಮೇಲೆ ಪುಕ್ಕಟೆಯಾಗಿ ಬಂದದ್ದನ್ನೂ ತಿನ್ನುವಂತಿಲ್ಲ. ಮದುವೆ ಮನೆಗಳಲ್ಲಿ ಹೋಳಿಗೆ, ಕೋಸಂಬರಿ, ಪಾಯಸ ಎಲ್ಲದಕ್ಕೂ ಆ ಕೈ ಅಡ್ಡ ಬರುತ್ತಿತ್ತು. ತಾಂಬೂಲದಲ್ಲಿ ಕೊಟ್ಟ ಕಾಯನ್ನು ಅಲ್ಲೇ ಪಕ್ಕದವರಿಗೆ ದಾಟಿಸಿ ಬರೀ ಎಲೆ ಅಡಿಕೆ ಹಿಡಿದು ಮನೆಗೆ ಬರುತ್ತಿದ್ದರು. ಹಾಗೆ ದಾಟಿಸಿದ ಕಾಯಿ ಎರಡು ಮೂರು ಸಲ ನನಗೇ ಬಂತು. ದುಬಾರಿ ಎಂದು ಒಂದು ಮಾತು ಹೇಳಿದ್ದರೆ ಅಕ್ಕಪಕ್ಕದವರೇ ಅರ್ಧರ್ಧ ಹೋಳು ತಂದುಕೊಡುತ್ತಿದ್ದರು. "ಅಯ್ಯೋ ಪಾಪ" ಎನ್ನಿಸಿಕೊಳ್ಳುವುದು ಮಾತ್ರ ಅವರಿಂದ ಆಗದ ಕೆಲಸ.

ಈಗ ನನಗೂ ಪಿಂಚಣಿ ಬರುತ್ತದೆ. ನಾನು ಕಾಶಿಗೆ ಹೋಗಿಲ್ಲವಾದ್ದರಿಂದ ಡಾಕ್ಟರು ಬೇಡ ಎಂದಿದ್ದಾರೆ ಎನ್ನುತ್ತೇನೆ. ಡಾಕ್ಟರಿಗೆ ಈ ವಿಷಯ ಗೊತ್ತಿಲ್ಲ.

ರಾಮಶೇಷಯ್ಯನವರನ್ನು ಈ ಪಟ್ಟಿಯ ಬಗ್ಗೆ ಯಾರೂ ಕೇಳಿದ್ದಿಲ್ಲ. ಹೆಂಡತಿ ಬಡಿಸಿದ್ದನ್ನು ಉಂಡು ಏಳುವ ಮನುಷ್ಯ. ತೆಂಗಿನಕಾಯಿ ಬಿಟ್ಟು ಎರಡು ವರ್ಷಗಳಾಗಿದ್ದಾಗ ಅವರಿಗೆ ಟೈಫಾಯಿಡ್ ಬಂತು. ಜ್ವರವೇನೋ ಇಳಿಯಿತು, ಬಾಯಿಗೆ ರುಚಿ ಬರಲಿಲ್ಲ. ಎರಡು ಚಮಚ ಗಂಜಿ ಕುಡಿದು ಗೋಡೆಯ ಕಡೆ ತಿರುಗಿಬಿಡುವರು. ಹಾಸಿಗೆಯಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಎನ್ನುವಷ್ಟು ಇಳಿದುಹೋದರು. "ಏನು ಕೇಳ್ತಾರೋ ಅದನ್ನ ಕೊಡಿ. ಹೊಟ್ಟೆಗೆ ಬೀಳದೆ ಹೋದ್ರೆ ಇವರು ಉಳಿಯೋದು ಕಷ್ಟ" ಎಂದರು ಡಾಕ್ಟರು. ರಾಮಶೇಷಯ್ಯನವರು ಏನನ್ನೂ ಕೇಳಲಿಲ್ಲ.

ಒಂದು ಭಾನುವಾರ ತಿರುಮಲಮ್ಮ ರೇಷನ್ ಅಂಗಡಿಯ ಸಾಲಿಗೆ ಹೋದಾಗ ರೋಗಿಯ ಬಳಿ ನಾನು ಕೂತಿದ್ದೆ. ಮಲಗಿದ್ದಾರೆ ಎಂದುಕೊಂಡಿದ್ದೆ.

"ಬೆಳಿಗ್ಗೆ ನಿಮ್ಮನೇಲಿ ಕಾಯಿಚಟ್ನಿ ರುಬ್ಬಿದ್ರೇನಮ್ಮ?" ಎಂದರು.

"ಹೌದು. ಯಾಕೆ?"

"ಸುಮ್ನೆ ಕೇಳ್ದೆ. ವಾಸನೆ ಬಂತು." ಗೋಡೆಯ ಕಡೆ ತಿರುಗಿಕೊಂಡು, "ಒಗ್ಗರಣೆ ಒಂಚೂರು ಸೀದಿತ್ತು" ಎಂದರು.

ಅದಕ್ಕಿಂತ ಹೆಚ್ಚಿಗೆ ಕೇಳುವ ಜನವಲ್ಲ ಅವರು. ತಿರುಮಲಮ್ಮ ಬಂದದ್ದೇ ತಡ, ಮನೆಗೆ ಓಡಿ ಹೊಸದಾಗಿ ಕಾಯಿ ಒಡೆದು, ಖಾರ ಕಡಿಮೆ ಹಾಕಿ ಚಟ್ನಿ ರುಬ್ಬಿದೆ. ಮೆತ್ತಗೆ ಅನ್ನ ಮಾಡಿ ತಟ್ಟೆಗೆ ಹಾಕಿಕೊಂಡು, ಚಟ್ನಿಯನ್ನು ಬಟ್ಟಲಿಗೆ ಸುರಿದುಕೊಂಡು ಹೋದೆ. ಅಷ್ಟರಲ್ಲಿ ಅಚ್ಚಮ್ಮನವರು ರೋಗಿಯನ್ನು ನೋಡಲು ಬಂದು ಮಂಚದ ಪಕ್ಕ ಕೂತುಬಿಟ್ಟಿದ್ದರು. ಆದರೂ ತಟ್ಟೆ, ಬಟ್ಟಲು ಎರಡನ್ನೂ ರಾಮಶೇಷಯ್ಯನವರ ಮುಂದಿಟ್ಟೆ.

"ಕಾಯಿಚಟ್ನಿ ಅಲ್ವೇನೇ ಇದು!" ಅಚ್ಚಮ್ಮನವರು ಅರ್ಧ ಎದ್ದರು. "ಗೊತ್ತಿದ್ದೂ ಗೊತ್ತಿದ್ದೂ ಹೀಗಾ ಮಾಡೋದು? ಕಾಶಿಲಿ ಬಿಟ್ಟಿದ್ದು ಬಾಯಿಗೆ ಹೋದ್ರೆ ಯಾತ್ರೆ ಮಾಡಿದ ಪುಣ್ಯ ಎಲ್ಲಾ ನೀರುಪಾಲು!"

ರಾಮಶೇಷಯ್ಯನವರು ದಿಂಬಿಗೆ ಒರಗಿಕೊಂಡು ಬಟ್ಟಲನ್ನೇ ನೋಡುತ್ತಿದ್ದರು. ಅವರು ಉಗುಳು ನುಂಗಿದ್ದು ನನಗೆ ಕಾಣಿಸಿತು. ಆಮೇಲೆ ಹೆಂಡತಿಯ ಕಡೆ ನೋಡಿದರು. ಹೊದಿಕೆಯೊಳಗಿಂದ ಕಡ್ಡಿಯಂಥ ಕೈಯನ್ನು ಹೊರಗೆ ತೆಗೆದು, ನಿಧಾನವಾಗಿ ತಟ್ಟೆಯ ಮೇಲೆ ಅಡ್ಡ ಹಿಡಿದರು.

"ಬೇಡಮ್ಮ" ಎಂದರು ನನಗೆ. "ಕಾಶಿಲಿ ಬಿಟ್ಟಿದೀನಿ."

ಆ ಮಾತನ್ನು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಅವರಿಗೂ ಎಲ್ಲವೂ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು.

ತಿರುಮಲಮ್ಮ ಡಬ್ಬಿಗೆ ಸುರಿಯಲೆಂದು ಎತ್ತಿದ ರೇಷನ್ ಚೀಲವನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಅದನ್ನು ಕೆಳಗಿಟ್ಟರು.

"ಇವರು ಏನೂ ಬಿಟ್ಟಿಲ್ಲ ಅಚ್ಚಮ್ಮನೋರೇ. ಬಿಡಿಸಿದ್ದು ನಾನು. ಕಾಶಿಲಿ ಅಲ್ಲ. ಅಂಗಡಿ ಮುಂದೆ ನಿಂತ್ಕೊಂಡು, ಒಂದೊಂದಾಗಿ ಬಿಡಿಸ್ದೆ."

ದನಿ ಏರಲಿಲ್ಲ, ಇಳಿಯಲೂ ಇಲ್ಲ. ಎಂಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಬೀದಿಯಲ್ಲೇ ಅತ್ಯಂತ ದೊಡ್ಡ ಬಾಯಿಯ ಮುಂದೆ ಹೇಳಿ ಮುಗಿಸಿದ್ದರು. ಅಚ್ಚಮ್ಮನವರು ಅವರ ಮುಖವನ್ನು ನೋಡಿದರು, ನನ್ನನ್ನು ನೋಡಿದರು. ಮಂಚದ ಮೇಲಿನ ಆ ಕೈಯನ್ನೂ ನೋಡಿದರು.

"ಅನ್ನ ಆರ್ತಾ ಇದೆ, ತಿನ್ನಿಸೇ" ಎಂದರು.

ತಿರುಮಲಮ್ಮ ಗಂಡನ ಕೈಯನ್ನು ತಟ್ಟೆಯಿಂದ ಎತ್ತಿ ಹೊದಿಕೆಯ ಮೇಲಿಟ್ಟರು. ಕಲಸಿ, ಸಣ್ಣ ತುತ್ತು ಮಾಡಿ ಬಾಯಿಗಿಟ್ಟರು. ಅವರು ಬಹಳ ಹೊತ್ತು ಅಗಿದರು. ಎರಡನೆಯದಕ್ಕೂ ಬಾಯಿ ತೆರೆದರು. ಐದನೆಯ ತುತ್ತಿಗೆ, ಹೆಂಡತಿ ಕಲಸುವುದನ್ನು ಕಾಯಲಾರದೆ, ಮೊದಲೇ ಬಾಯಿ ತೆರೆದು ಕೂತಿದ್ದರು. ತಟ್ಟೆ ಖಾಲಿಯಾಯಿತು.

ಬಟ್ಟಲಿನ ಅಂಚಿಗೆ ಸ್ವಲ್ಪ ಚಟ್ನಿ ಉಳಿದಿತ್ತು. ತಿರುಮಲಮ್ಮ ಅದನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಅಚ್ಚಮ್ಮನವರು ಕಿಟಕಿಯ ಕಡೆ ತಿರುಗಿ ಕೂತರು, ನಾನೂ ತಿರುಗಿದೆ. ನಾವು ಮತ್ತೆ ನೋಡಿದಾಗಲೂ ಅವರು ಬೆರಳನ್ನು ಬಾಯಿಂದ ತೆಗೆದಿರಲಿಲ್ಲ.